ಹಿಮ ಬೀಳದ ಊರಿನಲ್ಲಿ ಹಿಮದ ಟೈರು

ಫ್ರೀಮಾಂಟಿನಲ್ಲಿ ಹಿಮ ಬೀಳುವುದಿಲ್ಲ. ಅಲ್ಲಿ ಚಳಿಗಾಲವೆಂದರೆ ನಾಲ್ಕು ಮಳೆ, ಬೆಳಗಿನ ಮಂಜು, ಒಂದು ಸ್ವೆಟರು. ಇಂಥ ಊರಿನಲ್ಲಿದ್ದುಕೊಂಡು ನಮ್ಮ ಯಜಮಾನರು ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಆರು ವಾರ ಹಿಮದ ಟೈರುಗಳ ಅಧ್ಯಯನ ನಡೆಸಿದರು.

ಕಾರಣ ನಮ್ಮ ಮಾವ. ಮಂಡ್ಯದ ಕಡೆಯಿಂದ ಮೊದಲ ಸಲ ಪರದೇಶಕ್ಕೆ, ನಮ್ಮಲ್ಲಿಗೆ ಬಂದಿದ್ದರು. ಸೇತುವೆ, ಸಮುದ್ರ, ದೊಡ್ಡ ಅಂಗಡಿಗಳನ್ನೆಲ್ಲ ತೋರಿಸಿಯಾದ ಮೇಲೆ ಮಗ ಕೇಳಿದರು, "ಇನ್ನೇನಾದ್ರೂ ನೋಡ್ಬೇಕಾ ಅಪ್ಪ?"

"ಆಕಾಸದಿಂದ ಮಂಜುಗಡ್ಡೆ ಉದುರ್ತದಂತಲ್ಲ, ಅದೊಂದ ನೋಡ್ಬುಟ್ರೆ ಸಾಕು ಕಣಪ್ಪ."

ಹಿಮ ನೋಡಲು ನಾಲ್ಕು ಗಂಟೆ ಗಾಡಿ ಓಡಿಸಿ ಟಾಹೋ ಸರೋವರದ ಬೆಟ್ಟ ಹತ್ತಬೇಕು. ನಮ್ಮಲ್ಲಿದ್ದದ್ದು ಒಂದು ಹಳೆಯ ಪಿಕಪ್ ಟ್ರಕ್ಕು. ಊರು ಬಿಟ್ಟುಹೋಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಯಜಮಾನರು ಅದನ್ನು ಕೊಂಡಿದ್ದರು. ಕೊಂಡ ಮೇಲೆ ಫ್ರೀಮಾಂಟಿನ ಕನ್ನಡದವರಿಗೆಲ್ಲ ನಮ್ಮ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತ್ತು. ಯಾರು ಅಪಾರ್ಟ್‌ಮೆಂಟು ಬದಲಾಯಿಸಿದರೂ ಮೊದಲ ಫೋನು ನಮಗೆ. ಸೋಫಾ ಸಾಗಿಸಿದ ಮೇಲೆ ಒಂದು ಲೋಟ ಕಾಫಿ.

ಶನಿವಾರದ ಊಟಗಳಲ್ಲಿ ಟೈರಿನ ಚರ್ಚೆ ಶುರುವಾಯಿತು. ಐವರು ಎಂಜಿನಿಯರುಗಳು, ಒಬ್ಬ ಹೃದಯದ ಡಾಕ್ಟರು. ಅವರಲ್ಲಿ ಒಬ್ಬರೂ ಹಿಮದಲ್ಲಿ ಗಾಡಿ ಓಡಿಸಿದವರಲ್ಲ. ಆದ್ದರಿಂದ ಚರ್ಚೆಗೆ ಯಾವ ಅಡ್ಡಿಯೂ ಇರಲಿಲ್ಲ. ಅಗಲದ ಟೈರು ನೆಲವನ್ನು ಹೆಚ್ಚು ಹಿಡಿಯುತ್ತದೆ ಎಂದರು ಒಬ್ಬರು. ಕಿರಿದಾದದ್ದು ಹಿಮವನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ ಎಂದರು ಇನ್ನೊಬ್ಬರು. ಡಾಕ್ಟರು ಮಾತ್ರ, "ಸುಮ್ನೆ ಟೈರಿಗೆ ಸುತ್ತೋ ಚೈನ್ ಬಾಡಿಗೆಗೆ ತಗೊಳ್ಳಿ ಸಾರ್" ಎಂದರು. ಡಾಕ್ಟರಿಗೆ ಯಂತ್ರಗಳ ವಿಷಯ ಏನು ಗೊತ್ತು ಎಂದು ಉಳಿದವರು ನಕ್ಕರು.

ಯಜಮಾನರು ಆಫೀಸಿನ ಪ್ರಿಂಟರಿನಲ್ಲಿ, ಅಂಚಿಗೆ ತೂತುಗಳಿರುವ ಉದ್ದನೆಯ ಕಾಗದದ ಮೇಲೆ ಒಂದು ಪಟ್ಟಿ ಅಚ್ಚು ಹಾಕಿಸಿಕೊಂಡು ಬಂದರು. ಹನ್ನೊಂದು ಬಗೆಯ ಟೈರು, ಅಗಲ, ರಬ್ಬರಿನ ಮೃದುತ್ವ, ಗೀರುಗಳ ಆಳ. ಹಾಸಿದರೆ ಅಡುಗೆಮನೆಯಿಂದ ಬಚ್ಚಲಿನವರೆಗೆ ಬರುತ್ತಿತ್ತು. ಮಾವ ಅದನ್ನು ದಾಟಿ ದಾಟಿ ಓಡಾಡಿದರು.

"ಇದೇನವ್ವಾ, ಮಗಳ ಮದುವೆಗೂ ಇಷ್ಟು ಜಾತಕ ನೋಡಕಿಲ್ಲ ಯಾರೂ."

ಕೊನೆಗೆ ಟೈರಂಗಡಿಗೆ ಹೋದೆವು. ಅಂಗಡಿಯವನು ವಯಸ್ಸಾದ ಮನುಷ್ಯ, ಉಗುರುಗಳ ತುಂಬ ಕರಿ. ಪಟ್ಟಿಯನ್ನು ಗೌರವದಿಂದಲೇ ನೋಡಿ, ವರ್ಷಕ್ಕೆ ಎಷ್ಟು ಸಲ ಹಿಮಕ್ಕೆ ಹೋಗುತ್ತೀರಿ ಎಂದು ಕೇಳಿದ. ಒಂದು ಸಲ ಎಂದರು ಯಜಮಾನರು. ಹಾಗಾದರೆ ಚೈನು ಸಾಕು, ಬಾಡಿಗೆಗೆ ಕೊಡುತ್ತೇನೆ ಎಂದ. ಯಜಮಾನರ ಮುಖ ಸಣ್ಣದಾಯಿತು. ಆರು ವಾರ ಓದಿದ ಪಾಠ ಪರೀಕ್ಷೆಗೆ ಬರಲೇ ಇಲ್ಲವೆಂದರೆ ಯಾರಿಗೆ ತಾನೇ ಬೇಸರವಾಗದು?

ನಾಲ್ಕು ಹಿಮದ ಟೈರು ಕೊಂಡರು. ಪ್ರತಿ ಚಳಿಗಾಲಕ್ಕೂ ಬದಲಾಯಿಸಲು ಸುಲಭವಾಗಲೆಂದು ನಾಲ್ಕು ಬೇರೆ ಉಕ್ಕಿನ ಚಕ್ರಗಳನ್ನೂ ಕೊಂಡರು. ಬಿಚ್ಚಿದ ಹಳೆಯವಕ್ಕೆ ಜಾಗವಿಲ್ಲದೆ ಹಾಲಿನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದೆವು. ಮನೆಯೆಲ್ಲ ಪಂಕ್ಚರ್ ಅಂಗಡಿಯ ವಾಸನೆ.

ಜನವರಿಯ ಒಂದು ಬೆಳಿಗ್ಗೆ ಹೊರಟೆವು. ಮುಂದಿನ ಒಂದೇ ಸೀಟಿನಲ್ಲಿ ಮೂವರು, ನನ್ನ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ. ಮಾವ ಪ್ಯಾಂಟಿನ ಮೇಲೆ ಪಂಚೆ, ಅದರ ಮೇಲೆ ಮಗನ ಕೋಟು, ತಲೆಗೆ ಮಂಕಿ ಕ್ಯಾಪು. ಬಯಲು ದಾಟಿ ಬೆಟ್ಟ ಹತ್ತಿದೆವು. ರಸ್ತೆಯ ಪಕ್ಕದಲ್ಲಿ ಬಿಳಿ ಕಾಣಿಸಿತು, ಸ್ವಲ್ಪ ಹೊತ್ತಿಗೆ ಗಾಜಿನ ಮೇಲೂ ಉದುರತೊಡಗಿತು. ಅಲ್ಲೇ ಗಾಡಿಗಳ ಸಾಲು ನಿಂತಿತ್ತು. ಹಳದಿ ಕೋಟಿನ ತಪಾಸಣೆಯವನು ಬಗ್ಗಿ ನೋಡಿ, ಎಂಜಿನ್ನು ನಾಲ್ಕೂ ಚಕ್ರಗಳನ್ನು ತಿರುಗಿಸುತ್ತದೆಯೋ ಎಂದು ಕೇಳಿದ. ಇಲ್ಲ, ಹಿಂದಿನ ಎರಡನ್ನು ಮಾತ್ರ. ಹಾಗಾದರೆ ಚೈನು ಕಟ್ಟಬೇಕು ಎಂದ.

ಯಜಮಾನರು ಕೆಳಗಿಳಿದು ಟೈರು ತೋರಿಸಿದರು. ಗೀರುಗಳಲ್ಲಿ ಬೆರಳಿಟ್ಟು ಆಳ ತೋರಿಸಿದರು. ರಬ್ಬರಿನ ಮೃದುತ್ವದ ಬಗ್ಗೆ ಹೇಳಿದರು. ಅವನು ಸುರಿಯುವ ಹಿಮದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬಹಳ ಒಳ್ಳೆಯ ಟೈರು ಎಂದು ಒಪ್ಪಿಕೊಂಡ. ಆಮೇಲೆ, ಚೈನು ಇಲ್ಲದಿದ್ದರೆ ಆ ಕಡೆ ತಿರುಗಿಸಿಕೊಳ್ಳಿ ಎಂದು ಕೈ ತೋರಿಸಿದ. ಅಷ್ಟರಲ್ಲಿ ತಗಡು ಕಿತ್ತುಹೋಗಿದ್ದ ಒಂದು ಪುಟ್ಟ ಕಾರು ಬಾಡಿಗೆಯ ಚೈನನ್ನು ಕಟಕಟ ಎನ್ನಿಸುತ್ತ ನಮ್ಮನ್ನು ದಾಟಿ ಬೆಟ್ಟ ಹತ್ತಿತು.

ಪಕ್ಕದ ಬಯಲಿನಲ್ಲಿ ಗಾಡಿ ನಿಲ್ಲಿಸಿದೆವು. ಯಜಮಾನರು ಇಳಿಯದೆ ಸ್ಟಿಯರಿಂಗ್ ಹಿಡಿದೇ ಕುಳಿತರು. "ಕೆಳಗಡೆ ಊರಿಗೆ ಹೋಗಿ ಚೈನ್ ತಗೊಂಡ್ ಬರೋಣ ರೀ" ಎಂದೆ. ತಿರುಗಿ ನೋಡಿದರೆ ಮಾವ ಆಗಲೇ ಬಾಗಿಲು ತೆಗೆದು ಇಳಿದುಬಿಟ್ಟಿದ್ದರು.

ಅವರು ಮಂಕಿ ಕ್ಯಾಪು ತೆಗೆದರು. ಬೋಳುತಲೆಯ ಮೇಲೆ ಹಿಮ ಬೀಳುತ್ತಿತ್ತು. ಅಂಗೈ ಚಾಚಿ ಒಂದಿಷ್ಟು ಹಿಡಿದು ಬಾಯಿಗೆ ಹಾಕಿಕೊಂಡರು.

"ಚಪ್ಪೆ!" ಎಂದು ಕೂಗಿದರು. ಎಪ್ಪತ್ತರ ಹತ್ತಿರದ ಆ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಪ್ಪ, ಮೇಲೆ ಇನ್ನೂ ಚೆನ್ನಾಗಿರುತ್ತೆ. ಚೈನ್ ತಂದು ಹೋಗೋಣ," ಎಂದರು ಮಗ.

"ಮ್ಯಾಕ್ಕೆ ಏನಕ್ಕಪ್ಪಾ? ಅಲ್ಲೇನು ಬ್ಯಾರೆ ಬಣ್ಣದ್ದು ಬೀಳ್ತದಾ?"

ಅಲ್ಲೇ ಗಾಡಿಯಲ್ಲಿ ಕುಳಿತು ಪುಳಿಯೋಗರೆ ತಿಂದೆವು. ಮಾವ ಎರಡು ಸಲ ಹಾಕಿಸಿಕೊಂಡು, ಮತ್ತೊಮ್ಮೆ ಇಳಿದು ಹೋಗಿ ನೆನೆದು ಬಂದರು.

ಬೆಟ್ಟ ಇಳಿದು ಒಣ ಫ್ರೀವೇ ಸಿಕ್ಕಿದ ಮೇಲೆ ಟೈರುಗಳು ಹಿಟ್ಟಿನ ಗಿರಣಿಯ ಹಾಗೆ ಹೂಂಗುಟ್ಟತೊಡಗಿದವು. ಬಹಳ ದೂರ ಹೋದ ಮೇಲೆ ಯಜಮಾನರು ಆ ಸದ್ದಿನ ಮೇಲೆ ಗಂಟಲೇರಿಸಿ, "ಅಪ್ಪ, ನಾನು ಓದಿದ್ದೇನೂ ತಪ್ಪಿರಲಿಲ್ಲ," ಎಂದರು.

"ತಪ್ಪಿಲ್ಲ ಬುಡಪ್ಪ. ಎಲ್ಲಾ ಸರಿಯಾಗೇ ಓದಿದ್ದೆ. ಆ ಹಳದಿ ಕೋಟ್ನೋನು ಓದಿರಲಿಲ್ಲ, ಅಷ್ಟೆಯ."

ಯಜಮಾನರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಗಾಡಿ ಪಕ್ಕಕ್ಕೆ ವಾಲಿದಾಗ ನಾನೇ ಸ್ಟಿಯರಿಂಗ್ ಹಿಡಿಯಬೇಕಾಯಿತು.