ಸರೋಜ ಹಾಲು ಬಿಟ್ಟ ಕಥೆ

ಜೋಗದ ಕಾಲೊನಿಯಲ್ಲಿ ನಮ್ಮ ಕ್ವಾರ್ಟರ್ಸಿಗೂ ಸರೋಜಳ ಕ್ವಾರ್ಟರ್ಸಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನನ್ನ ಗಂಡನೂ ಅವಳ ಗಂಡ ಸೀತಾರಾಮಪ್ಪನವರೂ ಪವರ್ ಹೌಸಿನಲ್ಲಿ ಒಂದೇ ಪಾಳಿಯವರು. ಗಂಡಸರು ಕೆಲಸಕ್ಕೆ ಹೋದ ಮೇಲೆ ಕಾಲೊನಿಯ ಹೆಂಗಸರೆಲ್ಲ ಊಟ ಮುಗಿಸಿ ಕಣ್ಣು ಮುಚ್ಚುತ್ತಿದ್ದರು. ಸರೋಜ ಮಾತ್ರ ಸ್ಟೌವಿಗೆ ಪಂಪು ಹೊಡೆಯುತ್ತಿದ್ದಳು. ಗೋಡೆಯಾಚೆ ಆ ಸದ್ದು ಕೇಳಿದರೆ ನನ್ನನ್ನು ಕರೆದ ಹಾಗೇ ಲೆಕ್ಕ.

ಅವಳಿಗೆ ಚಾದ ಹುಚ್ಚು. ಅದೂ ಹಾಲು ಹಾಕದ ಬರಿ ಚಾ. ಅವಳ ಅಣ್ಣ ಪುಟ್ಟಪ್ಪ ಸಾಗರದ ಮಂಡಿಗಳಿಂದ ಅಡಿಕೆ ಮೂಟೆ ಹೇರಿಕೊಂಡು ಉತ್ತರದ ಕಡೆಗೆ ಲಾರಿ ಓಡಿಸುತ್ತಿದ್ದ. ಎಲ್ಲೆಲ್ಲಿಯ ಡ್ರೈವರುಗಳೋ ಅವನಿಗೆ ಸ್ನೇಹಿತರು. ಒಬ್ಬ ಅಸ್ಸಾಮಿನ ಚಾಪುಡಿ ಕೊಟ್ಟರೆ ಇನ್ನೊಬ್ಬ ನೀಲಗಿರಿಯದು ಕೊಡುತ್ತಿದ್ದ. ಅದೆಲ್ಲ ಬಂದು ಸೇರುತ್ತಿದ್ದದ್ದು ತಂಗಿಯ ಗೂಡಿನ ಖಾಲಿ ಬಾಟಲಿಗಳಿಗೆ. ಬೇರೆಯವರ ತಂಗಿಯರಿಗೆ ಅಣ್ಣಂದಿರು ಸೀರೆ ತರುತ್ತಾರೆ, ಇವಳಿಗೆ ಸೊಪ್ಪು ತರುತ್ತಾನೆ ಎಂದು ನಾನು ರೇಗಿಸುತ್ತಿದ್ದೆ.

ಅವಳು ಒಂದೇ ಸಲಕ್ಕೆ ಎರಡು ಬಗೆಯ ಚಾ ಮಾಡಿ ಗಾಜಿನ ಲೋಟಗಳಿಗೆ ಸೋಸುತ್ತಿದ್ದಳು. ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದಳು. ಮೂಗಿನ ಹತ್ತಿರ ತಂದು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಒಂದು ಗುಟುಕು.

"ಇದ್ರಲ್ಲಿ ಒಣಗಿದ ಮುರುಗಲ ಹಣ್ಣಿನ ಸಿಪ್ಪೆ ವಾಸ್ನೆ ಬರ್ತದೆ, ನೋಡೆ ನಾಗರತ್ನ. ಆ ಇನ್ನೊಂದು ಬೆಲ್ಲ ಸ್ವಲ್ಪ ಸೀದ ಹಾಗೆ."

"ನಂಗೆ ಎರಡ್ರಲ್ಲೂ ಚಾದ ವಾಸ್ನೆಯೇ ಬರ್ತದೆ ಮಾರಾಯ್ತಿ," ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಕಹಿ ನೀರು ನನಗೆ ಸೇರುತ್ತಿರಲಿಲ್ಲ. ಕುಡಿಯುವಾಗ ಅವಳ ಮುಖ ನೋಡುವುದಕ್ಕೆ ಹೋಗುತ್ತಿದ್ದೆ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ಹೆಂಗಸು ಅಷ್ಟು ನೆಮ್ಮದಿಯಿಂದ ಕೂರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಎಮರ್ಜೆನ್ಸಿ ಮುಗಿದ ವರ್ಷ ಅರಳಸುರಳಿಯಿಂದ ಅವಳ ಅತ್ತೆ ತುಂಗಮ್ಮ ಮಗನ ಮನೆಗೆ ಬಂದು ನೆಲೆಸಿದರು. ಕೆಟ್ಟವರಲ್ಲ. ಆದರೆ ಮಾತಿಗೆ ಮುಸುಕು ಹಾಕುವವರೂ ಅಲ್ಲ. ಬಂದ ವಾರದಲ್ಲೇ ಮಗನ ಮುಂದೆ, ಸೊಸೆಗೆ ಕೇಳುವ ಹಾಗೆಯೇ, ತಮ್ಮನ ಮಗಳ ಹೆಸರೆತ್ತಿದರು. ಹುಡುಗಿ ಎರಡನೆಯ ಸೊಸೆಯಾಗಿ ಬಂದು ಸರೋಜಳ ಜೊತೆಗೇ ಇರಲಿ, ಮನೆಗೆ ಒಂದು ಕೂಸಾಗಲಿ ಎಂಬುದು ಅವರ ಮಾತು. ಸೀತಾರಾಮಪ್ಪನವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆ ಮೌನ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಕೆಲವು ದಿನಗಳ ಮೇಲೆ ಆ ಮಾತು ತಾನಾಗಿಯೇ ನಿಂತುಹೋಯಿತು. ತುಂಗಮ್ಮ ಸೊಸೆಯ ಕೈಯಿಂದ ಕೊಡ ಕಸಿದುಕೊಂಡು ತಾವೇ ನೀರು ಹೊರತೊಡಗಿದರು. ಸರೋಜ ಕಕ್ಕಾಬಿಕ್ಕಿಯಾದಳು.

"ಎಂಥಾಗ್ಯದೆ ಇವ್ರಿಗೆ? ನಿನ್ನೆ ನನ್ ತಲೆಗೆ ಎಣ್ಣೆ ಹಚ್ಚಿದ್ರು ಕಣೆ!"

ಉತ್ತರ ಸಿಕ್ಕಿದ್ದು ನನಗೆ, ಬೀದಿ ನಲ್ಲಿಯ ಹತ್ತಿರ. ತುಂಗಮ್ಮ ಸುತ್ತ ನೋಡಿ ದನಿ ತಗ್ಗಿಸಿದರು. "ನಮ್ ಹುಡುಗಿ ಹಾಲು ಬಿಟ್ಟದೆ. ಮನೇಲಿ ಹಾಲಿದ್ರೂ ಬರಿ ಚಾ ಕುಡೀತದೆ. ಮಗೀಗಾಗಿ ಹರಕೆ ಹೊತ್ತದೆ ಪಾಪ. ನೀನು ಕೇಳೂಕೆ ಹೋಗ್ಬೇಡ ಮತ್ತೆ."

ಅವರ ಮನೆತನದ ಪದ್ಧತಿ ಅದು. ಹರಕೆ ಹೊತ್ತವರು ಬಾಯಿಗೆ ಹಿತವಾದದ್ದೊಂದನ್ನು ಬಿಡಬೇಕು, ಹರಕೆ ಕೈಗೂಡುವ ತನಕ ಮುಟ್ಟಬಾರದು. ಯಾವ ದೇವರಿಗೆ, ಯಾತಕ್ಕೆ ಎಂದು ಯಾರೂ ಕೇಳಬಾರದು, ಹೊತ್ತವರೂ ಹೇಳಬಾರದು. ಬಾಯಿ ಬಿಟ್ಟರೆ ಹರಕೆ ಕೆಡುತ್ತದೆ. ಹಾಗಾಗಿ ತುಂಗಮ್ಮ ಕೇಳಿರಲಿಲ್ಲ. ಮನೆಯಲ್ಲಿ ಹಾಲಿಟ್ಟುಕೊಂಡು ರುಚಿಗೆಂದೇ ಬರಿ ಚಾ ಕುಡಿಯುವವರು ಭೂಮಿಯ ಮೇಲೆ ಇದ್ದಾರೆಂದು ಅವರು ಊಹಿಸುವುದಾದರೂ ಹೇಗೆ?

ನಾನು ನೆಟ್ಟಗೆ ಹೋಗಿ ಸರೋಜಳಿಗೆ ಹೇಳಿದೆ. ನಕ್ಕಾಳೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಈಗ ನಿಜ ಹೇಳಿದ್ರೆ ಆ ಹುಡುಗಿ ಬರ್ತದೆ. ಹೇಳ್ದಿದ್ರೆ ದೇವ್ರ ಹೆಸ್ರಲ್ಲಿ ಸುಳ್ಳಾಗ್ತದೆ. ನಾನೇನ್ ಮಾಡ್ಲಿ?"

"ಸುಮ್ನೆ ಕುಡಿ," ಎಂದೆ. ನನಗೆ ಅದರಲ್ಲಿ ಎರಡು ಯೋಚನೆ ಇರಲಿಲ್ಲ. ಅವಳಿಗೆ ಇತ್ತು.

ಆಮೇಲೆ ಅವಳ ಚಾ ಕೆಟ್ಟಿತು. ಪುಡಿ ಅದೇ, ನೀರು ಅದೇ, ಆದರೆ ಕುಡಿಯುವವಳಿಗೆ ತಾನು ಏನು ಮಾಡುತ್ತಿದ್ದೇನೆಂದೇ ತಿಳಿಯದು. ಒಂದು ಗುಟುಕು ಕುಡಿದು ಚೆನ್ನಾಗಿದೆ ಅನ್ನಿಸಿದರೆ ಅಪರಾಧ ಮಾಡಿದವಳಂತೆ ಅಡುಗೆಮನೆಯ ಕಡೆ ನೋಡುವಳು. ಒಂದು ದಿನ ಮೆಲ್ಲಗೆ ಹೇಳಿದಳು: "ನಿನ್ನೆ ಅಸ್ಸಾಮಿಂದು ಕುಡೀತಾ ಕುಡೀತಾ, ದೇವ್ರೇ ಒಂದು ಮಗು ಕೊಡು ಅಂದುಬಿಟ್ಟೆ ಕಣೆ. ಈಗ ಇದು ಹರಕೆಯೋ, ಬಾಯಿ ಚಪಲವೋ?"

ನಾನೇನು ಶಾಸ್ತ್ರಿಗಳ ಮಗಳೇ? ಗೊತ್ತಿಲ್ಲ ಎಂದೆ.

ಕೊನೆಗೆ ಈ ಗೋಜಲೇ ಬೇಡವೆಂದು ಒಂದು ಬೆಳಿಗ್ಗೆ ಅತ್ತೆಯ ಎದುರೇ ತನ್ನ ಚಾಕ್ಕೆ ಹಾಲು ಸುರಿದುಕೊಂಡು ಕುಡಿದಳು. ಅತ್ತೆ ಬಯ್ದರೆ ಬಯ್ಯಲಿ, ಹರಕೆ ಗಿರಕೆ ಇಲ್ಲವೆಂದು ಅವರಿಗೇ ತಿಳಿಯಲಿ ಎಂಬುದು ಅವಳ ಎಣಿಕೆ. ತುಂಗಮ್ಮ ಬಯ್ಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು. ಒಲೆಯ ಮುಂದಿನಿಂದೆದ್ದು ದೇವರ ಗೂಡಿಗೆ ದೀಪ ಹಚ್ಚಿ, ನಮ್ಮ ಮನೆ ಬಾಗಿಲಿಗೆ ಓಡಿ ಬಂದರು.

"ನಾಗರತ್ನ, ನಿಂಗಾದ್ರೂ ಹೇಳ್ಯದೆಯೇನೆ? ಎಷ್ಟು ತಿಂಗ್ಳು?"

ಹರಕೆ ಕೈಗೂಡಿತು, ಅದಕ್ಕೇ ಸೊಸೆ ಹಾಲು ಮುಟ್ಟಿದಳು ಎಂದು ಅವರು ತಿಳಿದಿದ್ದರು. ಬೇರೆ ಅರ್ಥ ಅವರ ತಲೆಗೆ ಹೊಳೆಯಲೇ ಇಲ್ಲ. ಆ ಮುಖದಲ್ಲಿದ್ದ ಸಂತೋಷ ಕಂಡು, ಎಲ್ಲದಕ್ಕೂ ಉತ್ತರವಿರುವ ನಾನೂ ಸರೋಜಳ ಕಡೆ ನೋಡಿದೆ. ಅತ್ತೆಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಅವಳು ಇಲ್ಲವೆಂದು ತಲೆಯಾಡಿಸಿದಳು. ಮರೆತು ಹಾಕಿಕೊಂಡೆ ಅತ್ತೆ, ಎಂದಳು. ತುಂಗಮ್ಮ ಇಳಿದ ಮುಖದಲ್ಲಿ ಮನೆಗೆ ಹಿಂತಿರುಗಿ ಮೊಸರು ಕಡೆಯಲು ಕೂತರು. ಮಾರನೆಯ ದಿನದಿಂದ ಸರೋಜ ಮತ್ತೆ ಬರಿ ಚಾ ಕುಡಿದಳು. ಅದು ಆಸೆಗಲ್ಲ, ಅತ್ತೆಯ ಮುಖ ಇನ್ನೊಮ್ಮೆ ಹಾಗೆ ಇಳಿಯಬಾರದೆಂದು.

ವರ್ಷಗಳು ಹೋದವು. ತುಂಗಮ್ಮನ ತಮ್ಮನ ಮಗಳಿಗೆ ಹೊಸನಗರದ ಕಡೆ ಮದುವೆಯಾಗಿ ಎರಡು ಮಕ್ಕಳಾದವು. ಸರೋಜಳ ಕಿವಿಯ ಪಕ್ಕ ಬಿಳಿ ಕೂದಲು ಕಂಡವು. ತುಂಗಮ್ಮ ಯಾವತ್ತೂ ಏನೂ ಕೇಳಲಿಲ್ಲ. ಬರಿ ಚಾದ ಲೋಟವನ್ನು ನೋಡುತ್ತಿದ್ದರು, ಅಷ್ಟೇ.

ಎಂಬತ್ಮೂರರ ಬೇಸಿಗೆಯಲ್ಲಿ ಪುಟ್ಟಪ್ಪ ಡಾರ್ಜಿಲಿಂಗಿನ ಚಾ ತಂದ. ಒಂದು ಹಿಡಿಯಷ್ಟೂ ಇಲ್ಲ. ಯಾರೋ ಡ್ರೈವರು ತನ್ನ ಮನೆಗೆಂದು ಇಟ್ಟುಕೊಂಡಿದ್ದರಲ್ಲಿ ಹಂಚಿಕೊಟ್ಟದ್ದಂತೆ. ಸರೋಜ ಎಷ್ಟೋ ಕಾಲದ ಮೇಲೆ ಮೊದಲಿನ ಉಮೇದಿನಲ್ಲಿ ಗಾಜಿನ ಲೋಟ ತೊಳೆದಳು. ತಿಳಿ ಜೇನಿನ ಬಣ್ಣ. ವಾಸನೆ ಎಂಥದು ಎಂದು ನನ್ನಂಥ ಮೊದ್ದು ಮೂಗಿಗೂ ಗೊತ್ತಾಯಿತು, ಹೇಳಲು ಬರಲಿಲ್ಲ. ಅವಳು ಲೋಟವನ್ನು ಬೆಳಕಿಗೆ ಹಿಡಿದು ಮೈಮರೆತಿದ್ದಳು.

ಒಳಗಿನಿಂದ ತುಂಗಮ್ಮ ಹಾಲಿನ ಪಾತ್ರೆ ಹಿಡಿದು ಬಂದರು. ನಾವು ನೋಡನೋಡುತ್ತಿದ್ದಂತೆ ಆ ಲೋಟಕ್ಕೆ ಹಾಲು ಸುರಿದರು, ಕೆನೆಯ ಸಮೇತ.

"ಸಾಕು ಬಿಡೆ ಮಗಾ. ಇಷ್ಟು ವರ್ಷ ಬಾಯಿ ಕಟ್ಟಿದ್ದು ಸಾಕು. ಕೊಡೋ ದೇವ್ರಾಗಿದ್ರೆ ಇಷ್ಟ್ರಲ್ಲಿ ಕೊಡ್ತಿತ್ತು. ಇನ್ನು ನಂಗೆ ಮೊಮ್ಮಗು ಬೇಡ. ನೀನು ಹಾಲು ಕುಡಿ."

ಆ ಚಾ ಹಾಳಾಯಿತು. ಸರೋಜಳನ್ನು ನೋಡಿದೆ. ಚಾದ ಮೇಲಿನ ಆಸೆಯೋ, ಇಲ್ಲದ ಹರಕೆಯೊಂದು ಮುರಿದ ದುಃಖವೋ, ಅತ್ತೆಯ ಮೇಲಿನ ಪ್ರೀತಿಯೋ, ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಯಾತಕ್ಕೆಂದು ಅವಳಿಗೂ ತಿಳಿದಿರಲಿಲ್ಲ, ಆಮೇಲೆ ಕೇಳಿದಾಗ ಹಾಗೇ ಹೇಳಿದಳು.

ತುಂಗಮ್ಮ ಅವಳ ಎದುರು ನೆಲದ ಮೇಲೆ ಕೂತು ಕಾಯುತ್ತಿದ್ದರು. ಸರೋಜ ಲೋಟ ಎತ್ತಿ, ಕೆನೆಯನ್ನೂ ಬಿಡದೆ, ತಳ ಕಾಣುವವರೆಗೆ ಕುಡಿದಳು.

"ರುಚಿ ಆಯ್ತೇನೆ?"

"ಆಯ್ತು ಅತ್ತೆ," ಎಂದಳು.