ಒಲ್ಲೆನೆಂದ ಅರ್ಧ ಗಂಟೆ

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬನೇ ಝೆಕ್ ದೇಶದ ಸಣ್ಣ ಊರುಗಳನ್ನು ಸುತ್ತಿಬರಲು ನಿರ್ಧರಿಸಿದಾಗ, ಇಂಗ್ಲಿಷರ ನಾಡಿನ ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದು ವಿಚಾರಣಾ ಆಯೋಗವೇ ಕುಳಿತಿತು. ಅಧ್ಯಕ್ಷತೆ ಮಗಳದು.

“ಅಪ್ಪಾ, ಒಬ್ಬನ ಹೊಂಟೀಯಲ್ಲ, ಇದೇನ ಧಾರವಾಡದಿಂದ ಹುಬ್ಬಳ್ಳಿಗೆ ಹೋದಂಗ ಅಂತ ತಿಳ್ಕೊಂಡೀ ಏನು? ಅಲ್ಲಿ ಭಾಷಾ ಬರೂದಿಲ್ಲ, ಮಂದಿ ಗೊತ್ತಿಲ್ಲ.”

“ಭಾಷಾದ ಸಲುವಾಗಿನ ಹೊಂಟೀನಿ,” ಎಂದೆ.

“ಲೆಟ್ ಹಿಮ್ ಗೋ, ಮಮ್,” ಎಂದು ಮೊಮ್ಮಗಳು ತೀರ್ಪಿತ್ತಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ; ಬಾಯಿಂದ ಮಾತ್ರ ಹೊರಡುವುದಿಲ್ಲ. ಹತ್ತು ವರ್ಷ ಅವಳನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಪಡೆದಿದ್ದೆ.

ನಾನು ಹೊರಟಿದ್ದಕ್ಕೂ ಅದೇ ಕಾರಣ. ಆ ದೇಶದ ಪುಟ್ಟ ಊರೊಂದರ ಶಾಲೆಯಲ್ಲಿ ಬೇಸಿಗೆಗೊಮ್ಮೆ ಭಾಷಾಪ್ರಿಯರು ಕೂಡುತ್ತಾರೆ, ಬಂದವರು ತಮ್ಮ ಭಾಷೆಯನ್ನು ಅರ್ಧ ಗಂಟೆ ಉಳಿದವರಿಗೆ ಕಲಿಸಬಹುದು ಎಂದು ಅಕ್ಸ್‌ಬ್ರಿಡ್ಜ್‌ನ ನನ್ನ ಹಳೆಯ ಆಫೀಸಿನ ಗೆಳೆಯನೊಬ್ಬ ಹೇಳಿದ್ದ. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಬರುವ ಅರ್ಧ ಗಂಟೆ! ನಾಲ್ಕು ತಿಂಗಳು ಕೂತು ಪಾಠ ಬರೆದೆ. ಟ್ಯೂಬ್ ರೈಲಿನಲ್ಲಿ ತುಟಿಯಾಡಿಸುತ್ತ ಅಭ್ಯಾಸ ಮಾಡಿದೆ. ಎದುರಿನವರು ಅದನ್ನು ಜಪವೆಂದು ತಿಳಿದಿರಬೇಕು, ಭಕ್ತಿಯಿಂದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಮೊದಲು ಇಳಿದದ್ದು ತೆಲ್ಚ್‌ನಲ್ಲಿ. ಮಿಠಾಯಿ ಬಣ್ಣದ ಮನೆಗಳ ನಡುವೆ ಉದ್ದನೆಯ ಚೌಕ. ಕೋಣೆ ಬಾಡಿಗೆಗೆ ಕೊಟ್ಟ ಹೆಂಗಸು ಪ್ಲಮ್ ಹಣ್ಣಿನ ಕೇಕು ತಂದು ಮುಂದಿಟ್ಟಳು. ನಮ್ಮ ಕಡೆ ಮೊದಲ ಸಲಕ್ಕೇ ಗಪ್ಪನೆ ಕೈಚಾಚುವವನು ಹಸಿದವನಿರಬೇಕು, ಇಲ್ಲವೇ ಅಳಿಯನಿರಬೇಕು. ಉಳಿದವರು ‘ಒಲ್ಲೆರಿ’ ಎನ್ನಬೇಕು. ಅವರು ‘ಹಾಂಗಂದ್ರ ಹ್ಯಾಂಗರಿ’ ಎನ್ನಬೇಕು. ಮತ್ತೊಮ್ಮೆ ಒಲ್ಲೆ ಎನ್ನುವಷ್ಟರಲ್ಲಿ ಅದು ತಟ್ಟೆಗೆ ಬಿದ್ದಿರುತ್ತದೆ. ನಾನು ಕೈ ಅಡ್ಡ ಹಿಡಿದು ತಲೆಯಾಡಿಸಿದೆ. ಆಕೆ ನಗುತ್ತ ಕೇಕನ್ನು ಒಳಗೆ ಒಯ್ದಳು. ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ಕುಳಿತೆ. ಇದು ಆಕೆಯೊಬ್ಬಳ ಕೊರತೆ, ಇಡೀ ದೇಶವನ್ನು ದೂರುವುದು ನ್ಯಾಯವಲ್ಲ ಎಂದು ಉದಾರವಾಗಿ ತೀರ್ಮಾನಿಸಿದೆ.

ಮುಂದೆ ತ್ರೆಬೊನ್, ಆಮೇಲೆ ತಾಬೋರ್. ಊರಿನ ಹೆಸರು ಬರೆದ ಚೀಟಿಯನ್ನು ಬಸ್ಸಿನ ಚಾಲಕರಿಗೆ ತೋರಿಸುತ್ತ, ಮಾಂಸವಿಲ್ಲದ ಊಟವೆಂದರೆ ಕರಿದ ಚೀಸೇ ಎಂಬ ಸತ್ಯವನ್ನು ದಿನಕ್ಕೆರಡು ಸಲ ಉಣ್ಣುತ್ತ, ಆರನೆಯ ದಿನ ಆ ಶಾಲೆಯನ್ನು ತಲುಪಿದೆ. ಕೂಟ ನಡೆಸುತ್ತಿದ್ದ ಟೀಚರು ಕೈಯಲ್ಲಿ ಪಟ್ಟಿ ಹಿಡಿದು ಬಂದು ಇಂಗ್ಲಿಷಿನಲ್ಲಿ ಕೇಳಿದರು: “ನಾಳೆ ಹನ್ನೊಂದಕ್ಕೆ ನಿಮ್ಮ ಭಾಷೆ ಕಲಿಸುತ್ತೀರಾ?”

ನಾಲ್ಕು ತಿಂಗಳು ಇದೊಂದು ಪ್ರಶ್ನೆಗಾಗಿ ಕಾದಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು, “ಅಯ್ಯೋ, ನಾನೇನು ಮಹಾ ವಿದ್ವಾಂಸ, ಬೇಡ ಬಿಡಿ.”

“ಸರಿ,” ಎಂದು ಅವರು ನನ್ನ ಹೆಸರಿನ ಮೇಲೆ ಗೀಟೆಳೆದರು. ಪಕ್ಕದಲ್ಲಿದ್ದ ಬಾಸ್ಕ್ ಭಾಷೆಯ ಹೆಂಗಸು, ಪ್ರಶ್ನೆ ಕೇಳಿ ಮುಗಿಯುವ ಮೊದಲೇ ಒಪ್ಪಿಕೊಂಡು, ನನ್ನ ಹನ್ನೊಂದು ಗಂಟೆಯನ್ನು ತೆಗೆದುಕೊಂಡಳು.

ಸಂಜೆ ಫೋನಿನಲ್ಲಿ ಮಗಳಿಗೆ ಹೇಳಿದೆ.

“ಅಲ್ಲೂ ಒಲ್ಲೆ ಅಂದ್ಯಾ? ಅವ್ರೇನ ನಮ್ಮ ಬೀಗರೇನಪಾ, ಕಾಲ ಹಿಡದ ಕರೀಲಿಕ್ಕೆ? ಹೋಗಿ ಕೇಳು.”

“ಬಾಯಿಬಿಟ್ಟು ಕೇಳೂದಽ?”

“ಇಲ್ಲಾಂದ್ರ ಚೀಸ್ ತಿಂದು ವಾಪಸ್ ಬಾ.”

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಬಡ್ತಿಯನ್ನೂ ಕೇಳಿದವನಲ್ಲ. ಆಫೀಸಿನವರೂ ಒತ್ತಾಯ ಮಾಡಿರಲಿಲ್ಲ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಯುದ್ಧಕ್ಕೆ ಹೊರಟವನಂತೆ ಕಾರಿಡಾರು ದಾಟಿ ಟೀಚರ ಮುಂದೆ ನಿಂತೆ.

“ನನಗೆ ಕಲಿಸಬೇಕಾಗಿದೆ. ಆಗ ಬೇಡ ಅಂದದ್ದು ಸುಳ್ಳು.”

“ಮತ್ತೆ ಯಾಕೆ ಹಾಗೆಂದಿರಿ?”

“ಅದು ನಮ್ಮಲ್ಲಿ ಮರ್ಯಾದೆ.”

ಅವರು ನನ್ನನ್ನು ನೋಡಿದರು, ಪಟ್ಟಿಯನ್ನು ನೋಡಿದರು. “ಎಲ್ಲ ತುಂಬಿದೆ. ಬೆಳಿಗ್ಗೆ ಏಳಕ್ಕೆ, ತಿಂಡಿಗೆ ಮುಂಚೆ, ಒಂದು ಕೋಣೆ ಖಾಲಿಯಿದೆ. ಆದರೆ ಅಷ್ಟು ಹೊತ್ತಿಗೆ ಯಾರೂ—”

“ಆಗಲಿ!” ಎಂದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬೆಳಿಗ್ಗೆ ಏಳಕ್ಕೆ, ಒಂದನೆಯ ತರಗತಿಯ ಮಕ್ಕಳ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗಿಸಿಕೊಂಡು ಮೂವರು ಕುಳಿತಿದ್ದರು: ಹಾಲೆಂಡಿನ ಅಕ್ಕತಂಗಿಯರಿಬ್ಬರು, ಮತ್ತು ಆ ಊರಿನವರೇ ಆದ ಒಬ್ಬ ನಿವೃತ್ತ ರೈಲ್ವೆ ಗಾರ್ಡ್. ಬರೆದು ತಂದಿದ್ದ ಪಾಠದ ಪೀಠಿಕೆಯನ್ನು ಕೇಳಿ ತಂಗಿ ಆಕಳಿಸಿದಳು. ಹಾಳೆಗಳನ್ನು ಮಡಚಿಟ್ಟು, ‘ಹ್ಯಾಂಗಿದ್ದೀರಿ?’ ಎಂದರೇನು, ‘ಆರಾಮಿದ್ದೀನ್ರಿ’ ಎಂದರೇನು, ಇಷ್ಟನ್ನೇ ಹತ್ತಾರು ಸಲ ಹೇಳಿಸಿದೆ. ‘ನಾನು’, ‘ನೀವು’ ಎಂಬುದನ್ನು ಬೆರಳು ತೋರಿಸಿ ಕಲಿಸಿದೆ. ಅಕ್ಕತಂಗಿಯರು ಚೆನ್ನಾಗಿ ನಕ್ಕರು. ಗಾರ್ಡ್ ನಗಲಿಲ್ಲ. ನಿಲ್ದಾಣ ಬರುವುದನ್ನು ಕಾಯುವವರಂತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಕೊನೆಗೆ ಅವರ ಕಡೆ ತಿರುಗಿ, “ಹ್ಯಾಂಗಿದ್ದೀರಿ?” ಎಂದೆ.

“ಆರಾಮಿದ್ದೀನ್ರಿ,” ಎಂದರು, ಒಂದೊಂದೇ ಅಕ್ಷರ ಇಳಿಸುತ್ತ. ಆಮೇಲೆ ಸ್ವಲ್ಪ ಯೋಚಿಸಿ, ನನ್ನ ಕಡೆ ಬೆರಳು ತೋರಿಸಿ, “ನೀವು... ಹ್ಯಾಂಗಿದ್ದೀರಿ?”

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರೇ ಕೂಡಿಸಿಕೊಂಡಿದ್ದರು. ನಾಲ್ಕು ತಿಂಗಳ ತಯಾರಿಯಲ್ಲಿ ನನ್ನನ್ನು ಯಾರಾದರೂ ತಿರುಗಿ ಕೇಳಿಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಮೂವರೂ ಉತ್ತರಕ್ಕಾಗಿ ಕಾದರು.

“ಆರಾಮಿದ್ದೀನ್ರಿ,” ಎಂದೆ, ಕೊಂಚ ತಡವಾಗಿ.