ಬಿದ್ದದ್ದು ಸಸಿ, ಬೈಸಿಕೊಂಡದ್ದು ನಾನು

ಚಿಗವ್ವ ನನ್ನ ಕೈಯಲ್ಲಿದ್ದ ಸಸಿಯ ಟ್ರೇ ಕಸಿದುಕೊಂಡು ಎಲ್ಲರ ಎದುರಿಗೇ ಹೇಳಿಬಿಟ್ಟಳು.

"ಇಕಿ ಹೊರಗಾದಾಗ ಸಸಿ ಮುಟ್ಯಾಳ್ರೀ ವಹಿನಿ. ಅದಕ್ಕ ಬೀಳಾಕತ್ತಾವ."

ನಾನು ಕೆಲಸ ಮಾಡುವುದು ಪುಣೆ ಹತ್ತಿರ, ದೌಂಡ ರಸ್ತೆಯ ಒಂದು ನರ್ಸರಿಯಲ್ಲಿ. ಟೊಮ್ಯಾಟೊ ಬೀಜ ಊರಿ, ಸಸಿ ಮಾಡಿ ರೈತರಿಗೆ ಕೊಡುತ್ತೇವೆ. ನನ್ನನ್ನು ಅಲ್ಲಿಗೆ ಸೇರಿಸಿದವಳು ಚಿಗವ್ವನೇ, ನನ್ನ ಚಿಕ್ಕಮ್ಮ. ವಹಿನಿ ಅಂದರೆ ಮಾಲಕರ ಹೆಂಡತಿ, ಸೊಲ್ಲಾಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ.

ಟೆಂಪೊಗೆ ಟ್ರೇ ಏರಿಸುತ್ತಿದ್ದ ಗಂಡಸರೆಲ್ಲ ಕೇಳಿಸಿಕೊಂಡರು. ನನ್ನ ಮುಟ್ಟಿನ ಸುದ್ದಿ!

ಡ್ರೈವರ್ ನಮ್ಮ ಯಾದಗಿರಿ ಕಡೆಯವನೇ. ನಕ್ಕು ಅಂದ, "ತಂಗಿ, ಮಾರ್ಕೆಟ್ ಯಾರ್ಡ್ ಕಡೆ ಮಾತ್ರ ಹೋಗಬ್ಯಾಡವಾ. ಪುಣೆಮಂದಿಗೆ ಕಾಯಿಪಲ್ಲೆ ಸಿಗಂಗಿಲ್ಲ."

ನಾಲ್ಕು ಜನರ ಎದುರು ನನಗೆ ಮಾತೇ ಹೊರಡುವುದಿಲ್ಲ. ಟೆಂಪೊ ಹಿಂದಕ್ಕೆ ಸರಿದು ನಿಂತೆ.

ಶೇಡ್‌ನೆಟ್ ಚಪ್ಪರದೊಳಗೆ ಕಾಲಿಡಬೇಡ, ಹೊರಗೆ ಖಾಲಿ ಟ್ರೇ ತೊಳಿ ಎಂದರು ವಹಿನಿ. ಇನ್ನೂ ಸಸಿ ಬಿದ್ದರೆ ಆ ಕೆಲಸವೂ ಇಲ್ಲ, ಊರಿಗೆ ಹೋಗು ಎಂದರು.

ಮೈಲಿಗೆ ಕಳೆಯಬೇಕೆಂದು ಚಿಗವ್ವ ದಿನಾ ಸಂಜೆ ಗೋಮೂತ್ರ, ಅರಿಸಿನ ಬೆರೆಸಿದ ನೀರು ಚಿಮುಕಿಸತೊಡಗಿದಳು. ಬೇವಿನ ಟೊಂಗೆ ಅದ್ದಿ ಅದ್ದಿ, ಒಳಗಿನ ಒಂದು ಟ್ರೇಯನ್ನೂ ಬಿಡದೆ.

ಸಸಿ ಇನ್ನೂ ಹೆಚ್ಚು ಬಿದ್ದವು. ಬಿದ್ದಷ್ಟೂ ಅವಳು ಚಿಮುಕಿಸಿದಳು. ಬೈಗುಳ ಮಾತ್ರ ನನಗೆ.

ಸಿಟ್ಟು ಎಷ್ಟು ಬಂತೆಂದರೆ, ತಿಪ್ಪೆಗೆ ಎಸೆದ ಸಸಿಗಳನ್ನು ಆರಿಸಿಕೊಂಡು ಕುಳಿತೆ. ಯಾಕೆ ಸತ್ತವು ಅಂತ ಯಾರಾದರೂ ಒಬ್ಬರು ಸಸಿಯನ್ನೇ ನೋಡಬೇಕಲ್ಲ?

ಎಲೆ ಇನ್ನೂ ಹಸಿರಾಗಿದೆ. ಕಾಂಡ ಮೇಲೆ ಗಟ್ಟಿಯಾಗಿದೆ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಕಂದು ಬಣ್ಣ, ಮೆತ್ತಗೆ, ದಾರದ ಹಾಗೆ ಸಣ್ಣ. ಹುಳ ಕಡಿದ ಗುರುತೇ ಇಲ್ಲ. ಉಗುರು ತಾಗಿಸಿದರೆ ಸಿಪ್ಪೆ ಜಾರಿ ಬರುತ್ತದೆ.

ಮೊಬೈಲಿನಲ್ಲಿ ಹುಡುಕಿದೆ. ಒಂದು ಮರಾಠಿ ವಿಡಿಯೋದಲ್ಲಿ ಇದೇ ಕಾಂಡ, ಇದೇ ಕಂದು. ಬುಡ ಕೊಳೆಯುವ ರೋಗವಂತೆ. ಗಾಳಿ ಆಡದೆ, ರಾತ್ರಿಯಿಡೀ ಬುಡ ಹಸಿಯಾಗಿದ್ದರೆ ಬರುತ್ತದಂತೆ.

ಮಳೆಮೋಡ ಅಂತ ಆ ವಾರವೆಲ್ಲ ಸುತ್ತಲಿನ ಪರದೆ ಇಳಿಬಿಟ್ಟಿದ್ದೆವು. ಸಸಿ ಬೀಳಲು ಶುರುವಾದದ್ದು ಆಗಲೇ. ಅದರ ಮೇಲೆ ಸಂಜೆ ಸಂಜೆ ನೀರು!

ಆಗ ಕಣ್ಣಿಗೆ ಬಿತ್ತು... ಒಳಗೆ ಜಾಗ ಸಾಲದೆ ನೀರಿನ ಟಾಕಿ ಪಕ್ಕದಲ್ಲಿಟ್ಟಿದ್ದ ಟ್ರೇ. ಅದರಲ್ಲೂ ಅದೇ ಬೀಜ. ಊರಿದವಳು ನಾನೇ, ಮುಟ್ಟಾದಾಗ ಎತ್ತಿ ಅಲ್ಲಿಟ್ಟವಳೂ ನಾನೇ. ಬೆಳಿಗ್ಗೆ ನೀರು ಹಾಕುತ್ತಿದ್ದವಳೂ ನಾನೇ. ಚಿಗವ್ವನ ಟೊಂಗೆ ಮಾತ್ರ ಅಲ್ಲಿಗೆ ಬಂದಿರಲಿಲ್ಲ.

ಒಂದು ಸಸಿಯೂ ಬಿದ್ದಿರಲಿಲ್ಲ.

ಆ ಟ್ರೇ ಎತ್ತಿಕೊಂಡು ಹೋಗಿ ವಹಿನಿಯ ಮುಂದೆ ಇಟ್ಟೆ. ಪಕ್ಕದಲ್ಲಿ ಕೊಳೆತ ಸಸಿಗಳನ್ನು ಸುರಿದೆ.

"ಇವನ್ನೂ ನಾನ ಮುಟ್ಟೀನ್ರೀ, ಹೊರಗಾದಾಗನ ಮುಟ್ಟೀನಿ. ಇವ್ಯಾಕ ಬಿದ್ದಿಲ್ಲ ಹೇಳ್ರಿ."

ವಹಿನಿ ಕೊಳೆತ ಕಾಂಡವನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. ಚಿಗವ್ವನ ಕಡೆ ತಿರುಗಿ, "ನಾಳಿಂದ ಸಂಜಿ ನೀರು ಬ್ಯಾಡ, ಪರದೆ ಮ್ಯಾಲ ಎತ್ತು" ಎಂದರು. ಅಷ್ಟೇ.

ಉಳಿದ ಸಸಿಗಳು ಉಳಿದವು. ನಾನು ಮತ್ತೆ ಒಳಗೆ ಹೋದೆ. ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ. ಡ್ರೈವರ್ ಈಗಲೂ ನನ್ನ ನೋಡಿ ಹಲ್ಲು ಕಿಸಿಯುತ್ತಾನೆ.

ಮೊನ್ನೆ ಚಿಗವ್ವ ಮತ್ತೆ ಶುರು ಮಾಡಿದಳು. "ಆ ದಿನ ಹೊರಗ ಇದ್ದರ ಏನ್ ಹೋಗ್ತದ ನಿಂದು?"

"ಸಸಿ ಉಳೀಬೇಕಂದ್ರ ನೀನ ಹೊರಗಿರು ಚಿಗವ್ವ" ಅಂದೆ. ಎಲ್ಲರ ಎದುರಿಗೇ ಅಂದೆ. ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಿಡಲಿ.

ನಿಮ್ಮ ಮನೆಯ ಕುಂಡದಲ್ಲಿ ಒಂದು ಗಿಡ ಬಾಡಿದರೆ ನೀವು ಮೊದಲು ಗಿಡದ ಬುಡ ನೋಡುತ್ತೀರೋ, ಮನೆಯ ಹೆಣ್ಣುಮಕ್ಕಳ ಮುಖ ನೋಡುತ್ತೀರೋ?